41 ಪಾಯಿಂಟಿನ ಮಧ್ಯಾಹ್ನ

ವಿಗರ್ 14, ಮೈಂಡ್ 15, ಎಂಡ್ಯೂರೆನ್ಸ್ 15, ಸ್ಟ್ರೆಂಗ್ತ್ 20, ಡೆಕ್ಸ್ಟೆರಿಟಿ 20, ಇಂಟೆಲಿಜೆನ್ಸ್ 23, ಫೇತ್ 12, ಆರ್ಕೇನ್ 10. ಲೆವೆಲ್ 50.

ಇದು ಎಲ್ಡನ್ ರಿಂಗ್ ಎಂಬ ಕಂಪ್ಯೂಟರ್ ಆಟದಲ್ಲಿ ನನ್ನ ಅಳಿಯ ಆಡಿಸುತ್ತಿದ್ದ ಸಮುರಾಯ್ ಎಂಬ ಕ್ಯಾರೆಕ್ಟರ್‌ನ ಜಾತಕ. ಅಳಿಯ ಅಂದರೆ ಅಕ್ಕನ ಮಗ. ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಬಾಗಲಕೋಟೆಗೆ ಬಂದಿದ್ದ. ಬಂದ ದಿನವೇ ನನ್ನ ಕಂಪ್ಯೂಟರಿನಲ್ಲಿ ಎಲ್ಡನ್ ರಿಂಗ್ ಶುರು ಮಾಡಿದವನು ಆಮೇಲೆ ಕುರ್ಚಿ ಬಿಟ್ಟು ಎದ್ದದ್ದು ಕಡಿಮೆ. ಆ ಭಾನುವಾರ ಬೆಳಗಿನಿಂದ ರಾಡಾನ್ ಎಂಬ ಬಾಸ್ ಎದುರು ಸಾಯುತ್ತಲೇ ಇದ್ದ. ಸಣ್ಣದೊಂದು ಬಡಕಲು ಕುದುರೆಯ ಮೇಲೆ ಕೂತ ದೈತ್ಯ ಆತ. ದೂರದಿಂದಲೇ ಬಾಣ ಬಿಡುತ್ತಾನೆ. ಬಾಣ ತಾಗಿತೋ, ಕತೆ ಮುಗಿಯಿತು.

‘ಮಾಮಾ, ಒಂದ ಏಟಿಗೆ ಹೊಂಟ ಹೋಗ್ತೀನಿ. ಈ ಆಟನ ಸರಿ ಇಲ್ಲ.’

ಆಟ ಸರಿಯಾಗಿಯೇ ಇತ್ತು. ಸ್ಟೇಟಸ್ ತೆರೆದು ತೋರಿಸು ಅಂದೆ. ಮೇಲಿನ ಅಂಕಿಗಳು ಕಂಡವು. ಒಂದೊಂದಕ್ಕೂ ಅವನ ಹತ್ತಿರ ಕಾರಣ ಇತ್ತು. ಇಂಟೆಲಿಜೆನ್ಸ್ 23 ಯಾಕೆ? ಮೂನ್‌ವೇಲ್ ಅನ್ನುವ ಕತ್ತಿ ಹಿಡಿಯಲು ಅಷ್ಟು ಬೇಕು. ಸ್ಟ್ರೆಂಗ್ತ್ 20 ಯಾಕೆ? ಗ್ರೇಟ್‌ಸೋರ್ಡ್ ಎಂಬ ಆಳೆತ್ತರದ ಖಡ್ಗ ಸಿಕ್ಕಿದೆ, ಅದನ್ನೂ ಒಂದು ದಿನ ಎತ್ತಬೇಕು. ಫೇತ್ 12? ಹೀಲ್ ಮಂತ್ರಕ್ಕೆ. ಆರ್ಕೇನ್? ‘ಸತ್ತ ಶತ್ರುಗಳ ಹತ್ರ ಐಟಂ ಜಾಸ್ತಿ ಸಿಗ್ತಾವಂತ ಮಾಮಾ.’ ಒಂದೂ ಸುಳ್ಳಲ್ಲ. ಹಬ್ಬದೂಟದಲ್ಲಿ ಎಲ್ಲದರ ರುಚಿ ನೋಡುತ್ತಾ ಹೊಟ್ಟೆ ತುಂಬದೆ ಎದ್ದವನ ಹಾಗಿತ್ತು ಆ ಸಮುರಾಯ್‌ನ ಸ್ಥಿತಿ. ಜೀವ ಕೊಡುವುದು ವಿಗರ್. ಅದಕ್ಕೆ ಮಾತ್ರ ಯಾವ ಆಸೆಯೂ ಇಲ್ಲದೆ, ಶುರುವಿಗೇ ಇದ್ದ 12ರ ಮೇಲೆ ಬರೀ 2 ಪಾಯಿಂಟ್ ಹಾಕಿದ್ದ.

ನಾನು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕಿರುಚತೊಡಗಿತು. ಈ ಆಟ ತನ್ನಷ್ಟಕ್ಕೆ ಸೇವ್ ಆಗುತ್ತಿರುತ್ತದೆ, ಹಾಗಾಗಿ ಭಯ ಇಲ್ಲ. ಕಂಪ್ಯೂಟರ್ ಆರಿಸಿ ಹೊರಗೆ ಬಂದೆವು. ನವನಗರದ ನಮ್ಮ ಮನೆ ಮುಂದೆ ಒಂದು ಬೇವಿನ ಮರ, ಅದರ ಕೆಳಗೆ ಕಟ್ಟೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆ ಹೋದ ಮೇಲೆ ಇಲ್ಲಿಗೆ ಬಂದಾಗ ಅಪ್ಪ ನೆಟ್ಟ ಮರ ಅದು. ಮೇ ತಿಂಗಳಲ್ಲಿ ಮನೆಯೊಳಗಿಗಿಂತ ಅದರ ನೆರಳೇ ವಾಸಿ.

ಹಳೆಯ ನೋಟ್‌ಬುಕ್ ತಂದು ಲೆಕ್ಕ ಬರೆಯಲು ಕೂತೆವು. ಒಳಗಿನಿಂದ ಇಣುಕಿದ ಅಕ್ಕ, ಮಗ ಪೆನ್ನು ಹಿಡಿದದ್ದನ್ನು ಕಂಡು ಖುಷಿಯಾಗಿ ಇಬ್ಬರಿಗೂ ಮಜ್ಜಿಗೆ ಕಳಿಸಿದಳು. ನಾವೂ ಸುಮ್ನೆ ಕುಡಿದೆವು.

ಎಲ್ಡನ್ ರಿಂಗ್‌ನಲ್ಲಿ ಲೆಕ್ಕ ಬಹಳ ನೇರ. ಒಂದು ಲೆವೆಲ್‌ಗೆ ಒಂದೇ ಪಾಯಿಂಟ್. ಸಮುರಾಯ್ 9ನೇ ಲೆವೆಲ್‌ನಿಂದ ಶುರುವಾಗುತ್ತಾನೆ. 50ರಲ್ಲಿ 9 ಕಳೆದರೆ 41. ಅವನು ಇಲ್ಲಿಯ ತನಕ ದುಡಿದದ್ದು ಅಷ್ಟೇ. ರಾಯಾ ಲುಕಾರಿಯಾ ಅಕಾಡೆಮಿಯಲ್ಲಿ ರೆನಾಲಾ ಎಂಬ ಬಾಸ್ ಅನ್ನು ಸೋಲಿಸಿದ್ದರೆ, ಕೈಯಲ್ಲಿ ಲಾರ್ವಲ್ ಟಿಯರ್ ಎಂಬ ವಸ್ತು ಒಂದು ಇದ್ದರೆ, ಆ 41ನ್ನೂ ವಾಪಸ್ ಪಡೆದು ಹೊಸದಾಗಿ ಹಂಚಬಹುದು. ಅವನ ಹತ್ತಿರ ಒಂದು ಟಿಯರ್ ಇತ್ತು. ಇಡೀ ಆಟದಲ್ಲಿ ಅವು ಸಿಗುವುದೇ ಎಣಿಕೆಯಷ್ಟು.

ವಿಗರ್ ಕತೆಯನ್ನು ಮೊದಲು ಬರೆದೆ. ವಿಗರ್ 25 ಆದರೆ ಜೀವ 800. ಅಲ್ಲಿಂದ 40ಕ್ಕೆ ಹೋದರೆ 1450. 60ಕ್ಕೆ 1900. ಆಮೇಲೆ 99ರ ತನಕ ಸುರಿದರೂ 2100 ದಾಟುವುದಿಲ್ಲ. ಅಂದರೆ 25ರಿಂದ 40ರ ನಡುವಿನ 15 ಪಾಯಿಂಟ್ 650 ಕೊಡುತ್ತವೆ, 60ರ ಮೇಲಿನ 39 ಪಾಯಿಂಟ್ ಬರೀ 200. ಆಡುವವರು ಇದನ್ನು ಸಾಫ್ಟ್ ಕ್ಯಾಪ್ ಅನ್ನುತ್ತಾರೆ. ಅವನ 14ಕ್ಕೆ ಸುಮಾರು 500 ಜೀವ ಇತ್ತು. 30 ಮಾಡಿದರೆ ಸಾವಿರದ ಹತ್ತಿರ ಹೋಗುತ್ತದೆ. ಅಲ್ಲಿಗೆ ಎರಡು ಪಟ್ಟು.

‘ಮೊದಲ 18 ಪಾಯಿಂಟ್ ವಿಗರ್‌ಗೆ ಹಾಕು. ಉಳಿದ 23ರಲ್ಲಿ ಏನ್ ಆಗ್ತಿ ನೋಡು’ ಅಂದೆ.

ಅವನ ಮುಖ ಸಪ್ಪಗಾಯಿತು. ವಿಗರ್ ಹಾಗೆಯೇ. ಅದು ಏರಿದರೆ ಹೊಸ ಕತ್ತಿ ಬರುವುದಿಲ್ಲ, ಹೊಸ ಮಂತ್ರ ಬರುವುದಿಲ್ಲ, ಪರದೆಯ ಮೇಲೆ ಕೆಂಪು ಪಟ್ಟಿ ಒಂದಿಷ್ಟು ಉದ್ದವಾಗುತ್ತದೆ. ಹದಿನಾರರ ಹುಡುಗನಿಗೆ ಅದು ಯಾಕೆ ಹಿಡಿಸಬೇಕು ಹೇಳಿ.

ಕರೆಂಟ್ ಬರುವ ಲಕ್ಷಣ ಇರಲಿಲ್ಲ. ಅವನಿಗೆ ನನ್ನ ಒಬ್ಬ ಗೆಳೆಯನ ಕತೆ ಹೇಳಿದೆ. ನಾವು ವಿದ್ಯಾಗಿರಿಯಲ್ಲಿ ಕಾಲೇಜು ಓದುವಾಗ ಅಲ್ಲೊಂದು ಸೈಬರ್ ಕೆಫೆ ಇತ್ತು. ಎಲ್ಲರೂ ಕೌಂಟರ್ ಸ್ಟ್ರೈಕ್ ಆಡುತ್ತಾ ಕೂಗಾಡುತ್ತಿದ್ದರೆ ಈತ ಮೂಲೆಯ ಮಷೀನಿನಲ್ಲಿ ಡಯಾಬ್ಲೊ 2 ಆಡುತ್ತಿದ್ದ. 2000ದಲ್ಲಿ ಬಂದ ಆಟ. ಅದರ ಸೇವ್ ಫೈಲ್ ಕೆಲವೇ ಕೆಬಿ. ಬೇರೆ ಯಾರೋ ಬಂದು ತನ್ನ ಕ್ಯಾರೆಕ್ಟರ್ ಆಡಿ ಕೆಡಿಸುತ್ತಾರೆ ಅಂತ ಅವನು ದಿನವೂ ಅದನ್ನು ಫ್ಲಾಪಿಗೆ ಹಾಕಿಕೊಂಡು ಹೋಗುತ್ತಿದ್ದ. ಶರ್ಟಿನ ಜೇಬಿನಲ್ಲಿ ಒಬ್ಬಳು ಮಾಟಗಾತಿ. ಅಳಿಯನಿಗೆ ಫ್ಲಾಪಿ ಅಂದರೇನು ಅಂತ ವಿವರಿಸುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಸೇವ್ ಬಟನ್ ಮೇಲಿನ ಚಿತ್ರ ಅಂದ ಮೇಲೆ ಗೊತ್ತಾಯಿತು.

ಡಯಾಬ್ಲೊ 2ರಲ್ಲಿ ಒಂದು ಕ್ಯಾರೆಕ್ಟರ್‌ಗೆ 30 ಸ್ಕಿಲ್. ಒಂದೊಂದಕ್ಕೆ 20 ಪಾಯಿಂಟ್ ತನಕ ಹಾಕಬಹುದು. ಎಲ್ಲ ತುಂಬಿಸಲು 600 ಬೇಕು. ಆದರೆ 99ನೇ ಲೆವೆಲ್ ಮುಟ್ಟಿ, ಮೂರೂ ಹಂತದ ಕ್ವೆಸ್ಟ್‌ಗಳನ್ನು ಮುಗಿಸಿದರೂ ಸಿಗುವುದು 110. ಮೊದಲ ಲೆವೆಲ್‌ನಿಂದಲೇ ಆಟ ಹೇಳುತ್ತಿರುತ್ತದೆ, ನಿನಗೆ ಎಲ್ಲವೂ ಸಿಗುವುದಿಲ್ಲ ಅಂತ. ಹಾಕಿದ ಪಾಯಿಂಟ್ ವಾಪಸ್ ಬರುತ್ತಲೂ ಇರಲಿಲ್ಲ. 2010ರಲ್ಲಿ 1.13 ಪ್ಯಾಚ್, ಅಂದರೆ ಆಟಕ್ಕೆ ಮಾಡಿದ ತಿದ್ದುಪಡಿ, ಬರುವ ತನಕ ಅಲ್ಲಿ ತಿದ್ದುವುದು ಅಂದರೆ ಹೊಸ ಕ್ಯಾರೆಕ್ಟರ್ ಮಾಡುವುದು.

ಗೆಳೆಯ ಎಲ್ಲವನ್ನೂ ಬೆಂಕಿಗೇ ಸುರಿದ. ಫೈರ್ ಬೋಲ್ಟ್, ಫೈರ್ ಬಾಲ್, ಮೀಟಿಯರ್, ಫೈರ್ ಮಾಸ್ಟರಿ. ಒಂದಕ್ಕೆ ಹಾಕಿದರೆ ಇನ್ನೊಂದರ ಶಕ್ತಿಯೂ ಏರುವ ಏರ್ಪಾಟು 2003ರ ಪ್ಯಾಚಿನಲ್ಲಿ ಬಂದಿತ್ತಲ್ಲ, ಅದನ್ನು ಪೂರ್ತಿ ದುಡಿಸಿಕೊಂಡ. ಎರಡನೇ ಹಂತ ನೈಟ್‌ಮೇರ್ ಅನ್ನು ಸುಟ್ಟು ಬೂದಿ ಮಾಡಿದ. ನಾವೆಲ್ಲ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆವು. ಮೂರನೇ ಹಂತ ಹೆಲ್. ಅಲ್ಲಿ ಕೆಲವು ರಾಕ್ಷಸರಿಗೆ ಬೆಂಕಿ ತಾಗುವುದೇ ಇಲ್ಲ. ಉಲ್ಕೆಯನ್ನೇ ತಲೆ ಮೇಲೆ ಬೀಳಿಸಿದರೂ ಅವರು ಹಾಯಾಗಿ ನಡೆದು ಬರುತ್ತಾರೆ.

‘ಹಂಗಾದ್ರ ನನ್ನಂಗ ಎಲ್ಲಾ ಸ್ವಲ್ಪ ಸ್ವಲ್ಪ ಹಾಕ್ಬೇಕಿತ್ತು ಅವರು’ ಅಂದ ಅಳಿಯ, ಗೆದ್ದವನ ದನಿಯಲ್ಲಿ.

ಅಲ್ಲ. ಕತೆಯ ಒಳ್ಳೆ ಭಾಗ ಬರುವುದೇ ಇಲ್ಲಿ. ಎರಡನೇ ಅಂಕದ ಊರಿನಲ್ಲಿ ಈಟಿ ಹಿಡಿದ ಕೂಲಿ ಸೈನಿಕರು ಸಿಗುತ್ತಾರೆ. ಗೆಳೆಯ ಅಂಥ ಒಬ್ಬನನ್ನು ಇಟ್ಟುಕೊಂಡ. ತನಗೆ ಸಿಕ್ಕ ಒಳ್ಳೆಯ ಆಯುಧ, ಶಿರಸ್ತ್ರಾಣ, ಕವಚ ಎಲ್ಲ ಅವನಿಗೇ ತೊಡಿಸಿದ. ಬೆಂಕಿ ತಾಗದವರನ್ನು ಆ ಸೈನಿಕ ಚುಚ್ಚಿ ಕೊಲ್ಲುತ್ತಿದ್ದ, ಉಳಿದವರನ್ನು ಮಾಟಗಾತಿ ಸುಡುತ್ತಿದ್ದಳು. ನಿಧಾನ, ಆದರೂ ನಡೆಯಿತು. ಆ ಬಿಲ್ಡ್ ಅನ್ನು, ಅಂದರೆ ಪಾಯಿಂಟ್ ಹಂಚಿ ಕ್ಯಾರೆಕ್ಟರ್ ಕಟ್ಟಿದ ಆ ರೀತಿಯನ್ನು, ನಾನು ಇಂದಿಗೂ ನೆನಪಿಟ್ಟುಕೊಂಡಿದ್ದೇನೆ. ಬೆಂಕಿ ಜತೆ ಹಿಮದ ಸ್ಕಿಲ್ ಸೇರಿಸಿಕೊಂಡು ಸಲೀಸಾಗಿ ಹೆಲ್ ದಾಟಿದವರು ಎಷ್ಟೋ ಜನ ಇದ್ದರು, ಅವರ ಒಂದು ಕ್ಯಾರೆಕ್ಟರ್ ಕೂಡ ನನಗೆ ನೆನಪಿಲ್ಲ.

ಈ ಆಟಗಳ ಬಗ್ಗೆ ನನಗಿರುವ ಅಭಿಪ್ರಾಯ ಒಂದೇ, ಅದನ್ನು ಅಳಿಯನಿಗೂ ಹೇಳಿದೆ. ಬಿಲ್ಡ್ ಅನ್ನುವುದು ಹುಟ್ಟುವುದು ಪಾಯಿಂಟ್ ಸಾಲದೆ ಇದ್ದಾಗ. ಎಲ್ಡನ್ ರಿಂಗ್‌ನಲ್ಲಿ ಎಂಟು ಸ್ಟ್ಯಾಟ್, ಒಂದೊಂದು 99ರ ತನಕ. ಎಂಟೂ ತುಂಬಿದಾಗ ಲೆವೆಲ್ 713. ಅದೇ ಕೊನೆ. ಅಲ್ಲಿಗೆ ಮುಟ್ಟಿದ ಸಮುರಾಯ್‌ಗೂ, ಮೈಮೇಲೆ ಬಟ್ಟೆ ಇಲ್ಲದೆ ಒಂದನೇ ಲೆವೆಲ್‌ನಿಂದ ಶುರು ಮಾಡಿದ ರೆಚ್‌ಗೂ ಅಂಕಿಯಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ. ಯಾವ ಕತ್ತಿ ಬೇಕಾದರೂ ಎತ್ತಬಹುದು, ಯಾವ ಮಂತ್ರ ಬೇಕಾದರೂ ಹೇಳಬಹುದು. ಯಾರು ಏನು ಅಂತ ಕೇಳಿದರೆ ಉತ್ತರ ಇಲ್ಲ. ಡಯಾಬ್ಲೊ 2ರಲ್ಲಿ ಆ ಸ್ಥಿತಿ ಬರುವುದೇ ಇಲ್ಲ, 600ಕ್ಕೆ 110 ಎಂದೂ ಸಾಲುವುದಿಲ್ಲ. ಹಾಗಾಗಿ ಅದು ಹಳೆಯದಾದರೂ ಈ ವಿಷಯದಲ್ಲಿ ನನಗೆ ಮೇಲು.

ಬರೀ ಲೆವೆಲ್ ಏರಿಸಿಕೊಂಡು ಬಂದವರಿಗೆ ಎಲ್ಡನ್ ರಿಂಗ್ ಮಾಡಿದವರೂ 2024ರಲ್ಲಿ ಒಂದು ಪೆಟ್ಟು ಕೊಟ್ಟರು. ಆ ವರ್ಷ ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಎಂಬ ಹೆಚ್ಚುವರಿ ಭಾಗದಲ್ಲಿ ಬೇರೆಯೇ ಒಂದು ಶಕ್ತಿಯ ಏಣಿ ಇಟ್ಟರು. ಆ ನಾಡಿನಲ್ಲಿ ಹುಡುಕಿ ತೆಗೆದ ಚೂರುಗಳಿಂದ ಮಾತ್ರ ಏರುವಂಥದ್ದು, ಹೆಚ್ಚೆಂದರೆ 20 ಮೆಟ್ಟಿಲು, ಹೊರಗೆ ಅದಕ್ಕೆ ಬೆಲೆ ಇಲ್ಲ. ದೊಡ್ಡ ಲೆವೆಲ್ ಇಟ್ಟುಕೊಂಡು ಹೋದವರೂ ಮೊದಲು ಅಲ್ಲಿ ಹೊಡೆಸಿಕೊಂಡರು. ಇನ್ನು ನ್ಯೂಜಿಲೆಂಡಿನವರ ಪಾತ್ ಆಫ್ ಎಕ್ಸೈಲ್. ಅದರ ಪ್ಯಾಸಿವ್ ಟ್ರೀಯಲ್ಲಿ, ಅಂದರೆ ಪಾಯಿಂಟ್ ಹಾಕುವ ನಕ್ಷೆಯಲ್ಲಿ, ಸಾವಿರಕ್ಕೂ ಮಿಕ್ಕಿ ಗುಂಡಿಗಳು. ಅಳಿಯ ಒಮ್ಮೆ ತೆರೆದು ನೋಡಿ ಹಾಗೆಯೇ ಮುಚ್ಚಿದ್ದನಂತೆ. ನನಗೂ ಅದು ಆಟಕ್ಕಿಂತ ಜಾಸ್ತಿ ಕಿರ್ದಿ ಪುಸ್ತಕ ಅನಿಸುತ್ತದೆ. ಅದನ್ನು ಪ್ರೀತಿಸುವವರು ಬೈಯಲಿ, ಪರವಾಗಿಲ್ಲ.

ಮತ್ತೆ ನೋಟ್‌ಬುಕ್ಕಿಗೆ ಬಂದೆವು. ನಾನು ಬರೆದ ಪಟ್ಟಿ ಹೀಗಿತ್ತು: ವಿಗರ್‌ಗೆ 18, ಇಂಟೆಲಿಜೆನ್ಸ್‌ಗೆ 14, ಡೆಕ್ಸ್ಟೆರಿಟಿಗೆ 3, ಉಳಿದ 6 ಮೈಂಡ್ ಮತ್ತು ಎಂಡ್ಯೂರೆನ್ಸ್‌ಗೆ. ಮೂನ್‌ವೇಲ್ ಕೈಯಲ್ಲೇ ಉಳಿಯುತ್ತದೆ, ಅದನ್ನು ಆಗಲೇ ಸಾಕಷ್ಟು ಅಪ್‌ಗ್ರೇಡ್ ಮಾಡಿದ್ದ, ಜೀವ ಎರಡು ಪಟ್ಟು. ಇದಕ್ಕಿಂತ ಬುದ್ಧಿವಂತ ಹಂಚಿಕೆ ಬೇರೆ ಇರಲಿಲ್ಲ.

ಅಳಿಯ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, ‘ಮಾಮಾ, ಗ್ರೇಟ್‌ಸೋರ್ಡ್ ಎತ್ತಾಕ 31 ಬೇಕು ಹೌದಿಲ್ಲೋ? ಎರಡು ಕೈಲೆ ಹಿಡಿದ್ರ ಸ್ಟ್ರೆಂಗ್ತ್ ಒಂದೂವರೆ ಪಟ್ಟು ಅಂತ ಹಿಡಿತಾರ ಅಲ್ಲಾ?’

ಹೌದು. ಅಂದರೆ 21 ಸಾಕು. ಅವನ ಹತ್ತಿರ ಇದ್ದದ್ದು 20. ಒಂದೇ ಒಂದು ಪಾಯಿಂಟ್ ಕಡಿಮೆಯಾಗಿ ಆ ಖಡ್ಗ ಇಷ್ಟು ದಿನ ಚೀಲದಲ್ಲಿ ಮಲಗಿತ್ತು. ಇದು ತಿಳಿದ ಮೇಲೆ ಅವನನ್ನು ಹಿಡಿಯುವುದು ಕಷ್ಟವಾಯಿತು. ನನ್ನ ಪಟ್ಟಿಯ ಮೇಲೆ ಉದ್ದಕ್ಕೆ ಗೀಟು ಎಳೆದ. ವಿಗರ್‌ಗೆ 18 ಮಾತ್ರ ಉಳಿಸಿಕೊಂಡ. ಇಂಟೆಲಿಜೆನ್ಸ್, ಫೇತ್, ಆರ್ಕೇನ್ ಮೂರಕ್ಕೂ ಸೊನ್ನೆ. ಸ್ಟ್ರೆಂಗ್ತ್‌ಗೆ 12, ಎಂಡ್ಯೂರೆನ್ಸ್‌ಗೆ 11. ಎಂಡ್ಯೂರೆನ್ಸ್ ಯಾಕೆ ಅಂದರೆ ಆ ಖಡ್ಗದ ತೂಕವೇ 23, ಹೊತ್ತ ಭಾರ ಮಿತಿಯ ಶೇಕಡಾ 70 ದಾಟಿದರೆ ಉರುಳುವಾಗ ಮೂಟೆ ಬಿದ್ದಂತೆ ಬೀಳುತ್ತಾನೆ. ಇದನ್ನು ನಾನು ಹೇಳಿರಲಿಲ್ಲ. ಅವನೇ ಲೆಕ್ಕ ಹಾಕಿದ. ಒಟ್ಟು 41, ಸರಿ ಇತ್ತು.

‘ಮೂನ್‌ವೇಲ್ ಬಿಡ್ತೀ?’

‘ಬಿಡ್ತೀನಿ.’

ನನಗೆ ಹೊಟ್ಟೆ ಉರಿಯಿತು. ಅಷ್ಟು ಒಳ್ಳೆ ಕತ್ತಿ! ಆದರೆ ಸುಮ್ಮನಿದ್ದೆ.

ಕರೆಂಟ್ ಬಂದದ್ದು ನಾಲ್ಕರ ಮೇಲೆ. ರೆನಾಲಾಳ ಹತ್ತಿರ ಹೋಗಿ ಟಿಯರ್ ಕೊಟ್ಟು ಹೊಸ ಹಂಚಿಕೆ ಮಾಡಿದ. ಖಡ್ಗ ಎತ್ತಿ ಗಾಳಿಯಲ್ಲಿ ಬೀಸಿ ಬೀಸಿ ನೋಡಿದ. ಆಮೇಲೆ ದಾರಿಯ ಮೇಲಿನ ಒಬ್ಬ ಸಾಮಾನ್ಯ ಸೈನಿಕನಿಗೆ ಹೊಡೆದರೆ ಅವನು ಅಂದುಕೊಂಡಂತೆ ಎರಡು ತುಂಡಾಗಲಿಲ್ಲ. ಕಾರಣ ಸುಲಭ. ಆಯುಧ ಇನ್ನೂ ಸೊನ್ನೆಯಲ್ಲೇ ಇತ್ತು. ಈ ಆಟದಲ್ಲಿ ಮೊದಲ ಅರ್ಧದ ತನಕ ಹೊಡೆತದ ಬಲ ಬರುವುದು ಸ್ಟ್ಯಾಟ್‌ಗಿಂತ ಜಾಸ್ತಿ ಕಮ್ಮಾರನಿಂದ. ಮೂನ್‌ವೇಲ್‌ನಂಥ ವಿಶೇಷ ಆಯುಧಕ್ಕೆ 10ರ ತನಕ ಏರಿಕೆ, ಗ್ರೇಟ್‌ಸೋರ್ಡ್‌ನಂಥದಕ್ಕೆ 25ರ ತನಕ, ಏರಿಸಲು ಕಮ್ಮಾರನಿಗೆ ಕೊಡುವ ಕಲ್ಲು ಎರಡಕ್ಕೂ ಬೇರೆ ಬೇರೆ. ಮೂನ್‌ವೇಲ್‌ಗೆ ಕೂಡಿಟ್ಟ ಕಲ್ಲು ಇದಕ್ಕೆ ಬರುವುದಿಲ್ಲ.

ಹಾಗಾಗಿ ಕಲ್ಲು ಹುಡುಕುತ್ತಾ ಸಂಜೆಯೆಲ್ಲ ಆಟದೊಳಗೆ ಗಣಿ ಕೆಲಸ. ಲಿಮ್‌ಗ್ರೇವ್‌ನ ಸುರಂಗ, ಆಮೇಲೆ ರಾಯಾ ಲುಕಾರಿಯಾದ ಹರಳಿನ ಸುರಂಗ. ಎರಡನೆಯದರ ಕೊನೆಯಲ್ಲಿ ಮೈಯೆಲ್ಲ ಹರಳಾದ ಬಾಸ್ ಇರುತ್ತಾನೆ, ಅವನನ್ನು ಕೊಂದರೆ ಸಿಗುವ ಬೆಲ್ ಬೇರಿಂಗ್ ಎಂಬ ವಸ್ತುವನ್ನು ಅಂಗಡಿಗೆ ಕೊಟ್ಟ ಮೇಲೆ ಮೊದಲ ಎರಡು ದರ್ಜೆಯ ಕಲ್ಲುಗಳು ಅಲ್ಲೇ ಸಿಗುತ್ತವೆ. ಮೊದಲ ದರ್ಜೆಯ 12, ಎರಡನೇ ದರ್ಜೆಯ 12 ಕೊಂಡು ರೌಂಡ್‌ಟೇಬಲ್‌ನ ಕಮ್ಮಾರ ಹ್ಯೂಗ್‌ಗೆ ಕೊಟ್ಟ. ಖಡ್ಗ +6 ಆಯಿತು. ಅಳಿಯ ಒಂದು ಮಾತೂ ಆಡದೆ ಇಷ್ಟೂ ಮಾಡಿದ. ಬೆಳಿಗ್ಗೆ ಆಟ ಸರಿ ಇಲ್ಲ ಅಂದವನು ಇವನೇನಾ ಅನಿಸಿತು.

ರಾತ್ರಿ ಊಟಕ್ಕೆ ಅಕ್ಕ ಕರೆದು ಕರೆದು ಸಾಕಾಗಿ ರೊಟ್ಟಿ, ಎಣ್ಣಗಾಯಿಯ ತಟ್ಟೆಯನ್ನು ಕೀಬೋರ್ಡ್ ಪಕ್ಕದಲ್ಲೇ ಇಟ್ಟು ಹೋದಳು. ರಾಡಾನ್ ಬಾಣ ಬಿಟ್ಟ. ತಾಗಿತು. ಕೆಂಪು ಪಟ್ಟಿ ದೊಡ್ಡದಾಗಿ ಇಳಿಯಿತು, ಆದರೆ ಉಳಿಯಿತು. ಅಳಿಯ ನನ್ನ ಕಡೆ ತಿರುಗಿ ನೋಡಿದ, ನೋಡುತ್ತಿರುವಾಗಲೇ ಎರಡನೇ ಬಾಣಕ್ಕೆ ಸತ್ತ. ಇಬ್ಬರೂ ನಕ್ಕೆವು.

ಮುಂದಿನ ಸಲಗಳಲ್ಲಿ ಸತ್ತದ್ದೆಲ್ಲ ಬೇರೆ ಬೇರೆ ಕಾರಣಕ್ಕೆ. ಬ್ಲೈಡ್, ಅಲೆಕ್ಸಾಂಡರ್ ಮುಂತಾದ ಜತೆಗಾರರನ್ನು ನೆಲದ ಮೇಲಿನ ಗುರುತು ಮುಟ್ಟಿ ಕರೆಯುವುದು, ಅವರು ರಾಡಾನ್‌ನನ್ನು ಮುತ್ತಿದಾಗ ಹಿಂದಿನಿಂದ ನುಗ್ಗಿ ಎರಡು ಕೈಯಲ್ಲಿ ಒಂದು ಭಾರಿ ಏಟು, ತಕ್ಷಣ ಉರುಳಿ ದೂರ. ಖಡ್ಗ ನಿಧಾನ. ಮೂನ್‌ವೇಲ್‌ನಲ್ಲಿ ಮೂರು ಸಲ ಬೀಸುವ ಹೊತ್ತಿಗೆ ಇದರಲ್ಲಿ ಒಂದೇ. ಆದರೆ ಆ ಒಂದು ಬಿದ್ದಾಗ ಪಕ್ಕದಲ್ಲಿ ಕೂತ ನನಗೂ ಗೊತ್ತಾಗುತ್ತಿತ್ತು. ಹನ್ನೊಂದರ ಸುಮಾರಿಗೆ ರಾಡಾನ್ ಬಿದ್ದ. ಅಳಿಯ ಕೂಗಿದ ಕೂಗಿಗೆ ಅಕ್ಕ ಗಾಬರಿಯಾಗಿ ಎದ್ದು ಬಂದಳು. ‘ಏನಾತೋ ತಮ್ಮಾ?’ ಅಂತ ನನ್ನನ್ನೇ ಕೇಳಿದಳು.

ರಾಡಾನ್‌ನಿಂದ ಸಿಕ್ಕದ್ದು 70,000 ರೂನ್, ಲೆವೆಲ್ ಏರಿಸಲು ಕೊಡುವ ಆಟದ ಹಣ. ಆ ಮಟ್ಟದಲ್ಲಿ ಒಂದು ಲೆವೆಲ್‌ಗೆ 15,000ದಿಂದ 17,000 ಹೋಗುತ್ತದೆ, ಹಾಗಾಗಿ ನಾಲ್ಕು ಲೆವೆಲ್. ಸ್ಟ್ರೆಂಗ್ತ್‌ಗೆ 2 ಹಾಕಿದ. ವಿಗರ್‌ಗೆ 1 ಹಾಕಿದ, ನಾನು ಹೇಳದೆಯೇ. ಕೊನೆಯ ಒಂದನ್ನು ಇಂಟೆಲಿಜೆನ್ಸ್‌ಗೆ ಹಾಕಿದ. 9 ಇದ್ದದ್ದು 10 ಆಯಿತು.

‘ಅದಕ್ಕ ಯಾಕೋ?’

‘ಇರ್ಲಿ ಬಿಡು ಮಾಮಾ.’