ಸೇವೆನಾ, ವ್ಯಾಪಾರನಾ? ನಮ್ಮ ರೊಟ್ಟಿ ಕೇಂದ್ರದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ವ್ಯಾಪಾರ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೀಗೆ ಹೇಳಿದ ಕೂಡಲೇ ಕೇಳಿದವರ ಮುಖ ಸಣ್ಣದಾಗುತ್ತದೆ. "ಅಯ್ಯೋ, ಬಡ ಹೆಣ್ಣುಮಕ್ಕಳಿಗೋಸ್ಕರ ಏನೋ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ" ಅನ್ನುತ್ತಾರೆ. ಅವರಿಗೋಸ್ಕರವೇ ಮಾಡುತ್ತಿರುವುದು. ಅದಕ್ಕೇ ವ್ಯಾಪಾರ. ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಈಗ ಒಮ್ಮೆ ಬರೆದು ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗದಗ ಹತ್ತಿರದ ಹಳ್ಳಿಯೊಂದರಲ್ಲಿ ನಾವು ಒಂದಷ್ಟು ಹೆಂಗಸರು ಸೇರಿ ರೊಟ್ಟಿ ಕೇಂದ್ರ ನಡೆಸುತ್ತೇವೆ. ಜೋಳದ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ, ಬೆಂಗಳೂರಿನ ಕೆಲವು ಅಂಗಡಿಗಳಿಗೆ ಹೋಗುತ್ತದೆ. ರೊಟ್ಟಿ ಬಡಿಯುವವರಲ್ಲಿ ಜಾಸ್ತಿ ಜನರಿಗೆ ಹೊಲ ಇಲ್ಲ. ಇದ್ದವರದೂ ಮಳೆ ನಂಬಿದ ಒಂದೆರಡು ಎಕರೆ. ಲೆಕ್ಕಪತ್ರ, ಆರ್ಡರ್, ಬ್ಯಾಂಕು ನನ್ನ ಪಾಲಿನ ಕೆಲಸ. ಅದಕ್ಕೆ ನಾನು ಸಂಬಳ ತಗೊಳ್ಳುತ್ತೇನೆ. ಹೌದು, ತಗೊಳ್ಳುತ್ತೇನೆ. ಅದನ್ನೂ ಕೇಳುತ್ತಾರೆ, ಅದಕ್ಕೇ ಈಗಲೇ ಹೇಳಿಬಿಟ್ಟೆ.

ಒಂದು ರೊಟ್ಟಿ 10 ರೂಪಾಯಿ. ಜೋಳ, ಬೀಸಿದ ಕೂಲಿ, ಉರುವಲು ಸೇರಿ 3 ರೂಪಾಯಿ 50 ಪೈಸೆ. ಬಡಿದವರ ಕೈಗೆ 4 ರೂಪಾಯಿ. ಪ್ಯಾಕಿಂಗು, ಗಾಡಿ ಬಾಡಿಗೆ, ದಾರಿಯಲ್ಲಿ ಮುರಿದ ರೊಟ್ಟಿಯ ನಷ್ಟ ಎಲ್ಲ ಸೇರಿ 1 ರೂಪಾಯಿ 50 ಪೈಸೆ. ಉಳಿಯುವುದು 1 ರೂಪಾಯಿ. ಅದರಲ್ಲಿ ಕೇಂದ್ರದ ಬಾಡಿಗೆ, ಕರೆಂಟು, ನನ್ನ ಸಂಬಳ, ಮುಂದಿನ ಜೋಳಕ್ಕೆ ಒಂದಿಷ್ಟು. "ಬಡವರ ಹೆಸರಲ್ಲಿ ಲಾಭ" ಅಂತ ಮಾತಾಡುವವರು ಈ 1 ರೂಪಾಯಿಯ ಬಗ್ಗೆಯೇ ಮಾತಾಡುತ್ತಿರುವುದು.

ಕಳೆದ ಮದುವೆ ಸೀಜನ್ನಿನಲ್ಲಿ ಒಬ್ಬ ಯಜಮಾನರು ಬಂದಿದ್ದರು. ಮಗಳ ಮದುವೆ, 2000 ರೊಟ್ಟಿ ಬೇಕು. ಒಳಗೆ ಬಂದು ಕೂತು, ಒಲೆ ನೋಡಿ, ಬಡಿಯುವವರನ್ನು ನೋಡಿ, ನಿಜಕ್ಕೂ ಮೆಚ್ಚಿಕೊಂಡರು. ಆಮೇಲೆ ರೇಟಿನ ಮಾತು ಬಂತು. "ಅಕ್ಕಾರ, ನಿಮ್ದು ಸೇವಾ ಅಲ್ರೀ? ಸೇವಾದಾಗ ಏನ್ ರೇಟ್ ಹಿಡೀತೀರಿ, ಏಳಕ್ಕ ಮಾಡ್ರಿ" ಅಂದರು. ನಾನು ಬಾಯಿ ತೆರೆಯುವ ಮೊದಲೇ ಹಂಚಿನ ಮುಂದೆ ಕೂತಿದ್ದ ನಮ್ಮ ಹಿರಿಯಾಕೆ, ಕೈ ನಿಲ್ಲಿಸದೆ, ತಲೆ ಎತ್ತದೆ ಕೇಳಿದರು: "ಸಾಹೇಬ್ರ, ಬ್ಯಾಂಡಿನವ್ರಿಗೂ ಸೇವಾ ಮಾಡ್ರಿ ಅಂತ ಹೇಳೀರೇನ್ರಿ?" ಎಲ್ಲರೂ ನಕ್ಕರು. ಅವರೂ ನಕ್ಕರು. 10 ರೂಪಾಯಿಗೇ ಒಪ್ಪಿದರು.

ಆದರೆ ದುಡ್ಡು ಬಂದದ್ದು ಮದುವೆಯಾಗಿ ಮೂರು ತಿಂಗಳ ಮೇಲೆ. ಹೂವಿನವರು, ಫೋಟೋದವರು, ಮಂಗಲ ಕಾರ್ಯಾಲಯದವರು, ಬ್ಯಾಂಡಿನವರು ಎಲ್ಲರೂ ಮುಂಗಡ ಇಸಿದುಕೊಂಡಿದ್ದರು. ರೊಟ್ಟಿಯವರಿಗೆ ಮಾತ್ರ "ಎಲ್ಲಾ ಮುಗೀಲಿ, ಒಮ್ಮೆಲೆ ಕೊಡ್ತೀನಿ". ಅವರು ಕೆಟ್ಟವರಲ್ಲ. ಕೊನೆಗೆ ಪೂರ್ತಿ ಕೊಟ್ಟರು, ಸಿಹಿಯನ್ನೂ ಕಳಿಸಿದರು. ಆದರೆ ಅವರ ತಲೆಯಲ್ಲಿ ನಾವು ಸೇವೆ ಮಾಡುವವರು. ಸೇವೆ ಮಾಡುವವರಿಗೆ ಅವಸರ ಇರಬಾರದು ಅನ್ನುವುದು ಅವರ ನಂಬಿಕೆ. ಈ ಪ್ರಶ್ನೆ ನನಗೆ ಸಿಟ್ಟು ತರಿಸುವುದು ಇದೇ ಕಾರಣಕ್ಕೆ. ಅದು ಬರೀ ಕುತೂಹಲದ ಪ್ರಶ್ನೆ ಅಲ್ಲ. "ಸೇವೆ" ಅಂತ ನಾನು ಒಪ್ಪಿಕೊಂಡ ಕ್ಷಣದಿಂದ ನಮ್ಮ ಬಿಲ್ಲು ಎಲ್ಲರ ಬಿಲ್ಲಿಗಿಂತ ಕೆಳಗೆ ಹೋಗುತ್ತದೆ.

ಹಾಗಾದರೆ ಏನು ಕೇಳಬೇಕು? ನನ್ನನ್ನು ಕೇಳಿದರೆ, ಹಾಲಿನ ಡೇರಿ ಇರುವ ಯಾವ ಹಳ್ಳಿಯಲ್ಲಾದರೂ ಕೇಳುವ ಪ್ರಶ್ನೆಯನ್ನೇ ಕೇಳಿ. ಬಟವಾಡೆ, ಅಂದರೆ ದುಡ್ಡು ಕೈಗೆ ಕೊಡುವುದು, ಯಾವತ್ತು? ಹಾಲಿನ ಸಂಘಕ್ಕೆ ಬೆಳಗ್ಗೆ ಸಂಜೆ ಎರಡೆರಡು ಲೀಟರ್ ಹಾಕುವ ಹೆಣ್ಣುಮಗಳಿಗೆ ರೇಟು ಎಷ್ಟು ಮುಖ್ಯವೋ ಬಟವಾಡೆಯ ದಿನವೂ ಅಷ್ಟೇ ಮುಖ್ಯ. ಆ ದಿನ ನೋಡಿಕೊಂಡೇ ಅಂಗಡಿಯವರು ಉದ್ರಿ ಕೊಡುತ್ತಾರೆ, ಮಗನ ಫೀಸಿಗೆ ಮಾತು ಕೊಡುವುದೂ ಆ ದಿನ ನಂಬಿಯೇ. ಇಷ್ಟು ಊರೂರಲ್ಲಿ ಹಾಲಿನ ಸಂಘ ನಿಂತಿದ್ದರೆ ಅದಕ್ಕೆ ಈ ನಂಬಿಕೆ ದೊಡ್ಡ ಕಾರಣ ಅಂತ ನನ್ನ ಲೆಕ್ಕ.

ನಮ್ಮವರ ಮನೆ ಲೆಕ್ಕ ಹೇಗಿರುತ್ತದೆ ಹೇಳುತ್ತೇನೆ. ಗುಂಪು ಸಾಲ ಕೊಡುವ ಫೈನಾನ್ಸಿನ ಕಂತು ವಾರ ವಾರ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರೂ ಎದ್ದು ಹೋಗುವ ಹಾಗಿಲ್ಲ. ಈ ವಸೂಲಿಯ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳನ್ನು ನೀವೂ ಓದಿದ್ದೀರಿ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತಂದಿತು. ಈಗ ಲೆಕ್ಕ ಹಾಕಿ. ಒಬ್ಬಾಕೆಗೆ ನಮ್ಮಿಂದ 4000 ರೂಪಾಯಿ ಬರಬೇಕು, ಅದು ಮೂರು ತಿಂಗಳು ತಡ. ಕಂತು ಕಟ್ಟಲು ಆಕೆ ಕೈಗಡ ತರುತ್ತಾಳೆ, ನೂರಕ್ಕೆ ತಿಂಗಳಿಗೆ ಐದರ ಬಡ್ಡಿ. ಮೂರು ತಿಂಗಳಿಗೆ 600 ರೂಪಾಯಿ. ಅಂದರೆ 150 ರೊಟ್ಟಿ ಬಡಿದ ಕೂಲಿ ಬಡ್ಡಿಗೇ ಹೋಯಿತು. ರೇಟು ಯಾರೂ ಕಡಿಮೆ ಮಾಡಲಿಲ್ಲ, ಕೆಲಸದಲ್ಲಿ ಕುಂದಿಲ್ಲ, ದುಡ್ಡೂ ಪೂರ್ತಿ ಬಂತು. ಆದರೂ ಆಕೆ ಇನ್ನಷ್ಟು ಬಡವಳಾದಳು. ನಾನು ಹತ್ತಿರದಿಂದ ನೋಡಿರುವ ಬಡತನದಲ್ಲಿ ದೊಡ್ಡ ಪಾಲು ಹೀಗೇ ಆಗುವುದು. ಖರ್ಚು ವಾರಕ್ಕೊಮ್ಮೆ ಬಾಗಿಲಿಗೆ ಬರುತ್ತದೆ, ಆದಾಯ ಮೂರು ತಿಂಗಳಿಗೊಮ್ಮೆ ಬರುತ್ತದೆ, ನಡುವಿನ ಜಾಗದಲ್ಲಿ ಬಡ್ಡಿಯವರು ಕೂತಿರುತ್ತಾರೆ.

ಇದನ್ನು ಬಲ್ಲವರು ಮೊದಲೂ ಇದ್ದರು. ಲಿಜ್ಜತ್ ಪಾಪಡ್ ಕಥೆಯನ್ನು ಎಲ್ಲರೂ ಹೇಳುತ್ತಾರೆ, 1959ರಲ್ಲಿ ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಶುರು ಮಾಡಿದರು ಅಂತ. ಅಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ ಎರಡು ವಿಷಯ. ಒಂದು, ಅವರು ಮೊದಲಿಂದಲೂ ದಾನ ಬೇಡ ಅಂತ ಗಟ್ಟಿಯಾಗಿ ನಿಂತರು. ಎರಡು, ಅವರ ಕೂಲಿಯ ಪದ್ಧತಿ. ಬೆಳಗ್ಗೆ ಬಂದು ಕಲಸಿದ ಹಿಟ್ಟು ತಗೊಂಡು ಹೋಗಬೇಕು, ಮನೆಯಲ್ಲಿ ಲಟ್ಟಿಸಿ ಒಣಗಿಸಬೇಕು, ಮರುದಿನ ಹಪ್ಪಳ ತಂದುಕೊಟ್ಟಾಗ ಅಲ್ಲೇ ಕೂಲಿ. ಅಂಗಡಿಯವರು ದುಡ್ಡು ಯಾವಾಗ ಕೊಡುತ್ತಾರೆ ಅನ್ನುವ ತಲೆನೋವು ಸಂಸ್ಥೆಯದು, ಲಟ್ಟಿಸಿದವಳದಲ್ಲ. ಆ ತಲೆನೋವನ್ನು ಯಾರು ಹೊರುತ್ತಾರೆ ಅನ್ನುವುದರ ಮೇಲೆಯೇ ಒಂದು ಉದ್ಯಮ ಬಡವರ ಪರವೋ ಅಲ್ಲವೋ ಅಂತ ನಾನು ತೀರ್ಮಾನ ಮಾಡುತ್ತೇನೆ. ಬೋರ್ಡಿನ ಮೇಲೆ ಏನಾದರೂ ಬರೆದಿರಲಿ.

ನಮ್ಮ ಕರ್ನಾಟಕದ್ದೇ ಬೇಕು ಅಂದರೆ ಸೆಲ್ಕೋ ಇದೆ. 1995ರಲ್ಲಿ ಶುರುವಾದ ಸೋಲಾರ್ ಕಂಪನಿ. ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರದ ಒಬ್ಬ ಹೆಣ್ಣುಮಗಳ ಮಾತನ್ನು ಅವರು ಹೇಳುತ್ತಿರುತ್ತಾರೆ: ದೀಪಕ್ಕೆ ತಿಂಗಳಿಗೆ 300 ರೂಪಾಯಿ ಅಂದರೆ ಆಗಲ್ಲ, ದಿನಕ್ಕೆ 10 ರೂಪಾಯಿ ಅಂದರೆ ಕೊಡುತ್ತೇನೆ. ಗಣಿತದಲ್ಲಿ ಎರಡೂ ಒಂದೇ. ಆಕೆಯ ಗಲ್ಲಾದಲ್ಲಿ ಒಂದೇ ಅಲ್ಲ. ಸಂಜೆ ದುಡ್ಡು ಕೈಯಲ್ಲಿದ್ದಾಗ ಕಟ್ಟಿಸಿಕೊಂಡರೆ ದೀಪ ಆಕೆಯದಾಗುತ್ತದೆ. ಆಕೆಯ ಆದಾಯದ ಲಯ ನೋಡಿ ಕಂತು ಹೊಂದಿಸಿಕೊಟ್ಟದ್ದು ಅವರ ನಿಜವಾದ ಕೆಲಸ ಅಂತ ನನಗನ್ನಿಸುತ್ತದೆ. ಆ ಕೆಲಸದ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ.

ಕಾನೂನೂ ಇದೆ. ಇದು ಸಣ್ಣ ಉದ್ಯಮ ನಡೆಸುವ ಎಷ್ಟೋ ಜನರಿಗೇ ಗೊತ್ತಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮದಿಂದ ಮಾಲು ಕೊಂಡವರು, ಬರಹದಲ್ಲಿ ಒಪ್ಪಂದ ಇದ್ದರೂ ಕೂಡ, 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾಯ್ದೆಗೂ ಒಂದು ಸಾಲು ಸೇರಿಸಿದರು: ಈ ಗಡುವಿನೊಳಗೆ ಕೊಡದ ದುಡ್ಡನ್ನು, ನಿಜವಾಗಿ ಕೊಡುವ ತನಕ, ಕೊಂಡವರು ತಮ್ಮ ಖರ್ಚು ಅಂತ ತೋರಿಸುವಂತಿಲ್ಲ. ದೂರು ಕೊಡಲು 2017ರಲ್ಲಿ ಸಮಾಧಾನ್ ಅನ್ನುವ ಪೋರ್ಟಲ್ ಶುರು ಮಾಡಿದರು. ದೂರು ಕೊಡಬೇಕಾದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿರಬೇಕು, ಅದಕ್ಕೆ ಶುಲ್ಕ ಇಲ್ಲ. ನಾವು ಮಾಡಿಸಿದ್ದೇವೆ. ಈಗ ಅಂಗಡಿಯವರಿಗೆ ಕೊಡುವ ಪ್ರತಿ ಬಿಲ್ಲಿನ ಮೇಲೆ ನಮ್ಮ ನೋಂದಣಿ ಸಂಖ್ಯೆ, ಕೆಳಗೆ 45 ದಿನದ ಸಾಲು ಅಚ್ಚು ಹಾಕಿಸುತ್ತೇವೆ. ದೂರು ಮಾತ್ರ ಯಾರ ಮೇಲೂ ಕೊಟ್ಟಿಲ್ಲ. ಕೊಟ್ಟ ಮರುದಿನ ಆರ್ಡರ್ ಪಕ್ಕದ ಊರಿಗೆ ಹೋಗುತ್ತದೆ ಅಂತ ಗೊತ್ತು. ಕಾನೂನು ನಮ್ಮ ಕಡೆಗಿದೆ, ಗಿರಾಕಿಯನ್ನು ಕಳಕೊಳ್ಳುವ ಶಕ್ತಿ ನಮಗಿಲ್ಲ.

ಇನ್ನು ಸಾಮಾಜಿಕ ಉದ್ಯಮಶೀಲತೆಯ ಶಿಬಿರಗಳು. ನನ್ನನ್ನೂ ಕರೆಯುತ್ತಾರೆ, ಹೋಗುತ್ತೇನೆ, ಹುಡುಗ ಹುಡುಗಿಯರ ಉತ್ಸಾಹ ನೋಡಿ ಖುಷಿಯೂ ಆಗುತ್ತದೆ. ಆದರೆ ಅಲ್ಲಿ ಕಲಿಸುವುದು ಲೋಗೋ, ಪ್ಯಾಕೆಟ್ಟಿನ ಬಣ್ಣ, ಐದು ನಿಮಿಷದಲ್ಲಿ ದುಡ್ಡಿನವರ ಮುಂದೆ ಮಾತಾಡುವುದು ಹೇಗೆ ಅನ್ನುವುದು. ಮಾಲು ಕೊಟ್ಟ ದಿನಕ್ಕೂ ದುಡ್ಡು ಬಂದ ದಿನಕ್ಕೂ ನಡುವೆ ಊರಿನವರು ಹೇಗೆ ಬದುಕಬೇಕು ಅನ್ನುವ ಪಾಠ ಇಲ್ಲ. ನೆರವು ಕೊಡುವವರೂ ಯಂತ್ರ ಕೊಡಲು ಮುಂದೆ ಬರುತ್ತಾರೆ. ಜೋಳ ಕೊಳ್ಳಲು, ಕೂಲಿ ಹಂಚಲು ಕೈಬಂಡವಾಳ ಕೊಡಿ ಅಂದರೆ ಹಿಂದೆ ಸರಿಯುತ್ತಾರೆ. ಬಡತನದ ವಿರುದ್ಧ ಊರಲ್ಲೇ ಉದ್ಯಮ ಬೆಳೆಸಬೇಕು ಅಂತ ನಿಜವಾಗಿ ಅನ್ನಿಸುವವರು ಇಲ್ಲಿಂದ ಶುರು ಮಾಡಬೇಕು. ಜಿಲ್ಲೆಯ ಹಾಸ್ಟೆಲ್ಲುಗಳು, ಕಾಲೇಜು ಕ್ಯಾಂಟೀನುಗಳು, ಆಸ್ಪತ್ರೆಗಳು ಸುತ್ತಲಿನ ಹೆಂಗಸರಿಂದ ರೊಟ್ಟಿ, ಚಟ್ನಿ, ಮಸಾಲೆ ಪುಡಿ ಕೊಂಡು ವಾರದೊಳಗೆ ದುಡ್ಡು ಕೊಟ್ಟರೆ ಸಾಕು, ಶಿಬಿರವೇ ಬೇಡ.

ಲಾಭ ಯಾಕೆ ಬೇಕು ಅನ್ನುವವರಿಗೆ ಒಂದು ಮಾತು ಬಾಕಿ ಇದೆ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಗೊತ್ತಲ್ವಾ? ರಂಗಕರ್ಮಿ ಪ್ರಸನ್ನ ಅವರು ಹಳ್ಳಿಯ ಹೆಂಗಸರ ಜೊತೆ ಕಟ್ಟಿದ, ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಗೆ ಹೆಸರಾದ ಸಂಸ್ಥೆ. ಎಷ್ಟೋ ವರ್ಷ ಅಷ್ಟು ಚೆನ್ನಾಗಿ ನಡೆದು, ಕೊರೊನಾ ಕಾಲದಲ್ಲಿ, 2020ರಲ್ಲಿ, ದಿವಾಳಿಯಾಗಿದ್ದೇವೆ ಅಂತ ಬಹಿರಂಗವಾಗಿ ಹೇಳಿತು. ಅಂಥ ಹೆಸರು, ಅಂಥ ಗುಣಮಟ್ಟ, ಅಷ್ಟು ಜನರ ಪ್ರೀತಿ ಇದ್ದವರಿಗೇ ಹಾಗಾಯಿತು. ಅವತ್ತು ನನಗೆ ನಿದ್ದೆ ಬರಲಿಲ್ಲ. ಕೆಟ್ಟ ಕಾಲ ಬಂದಾಗ ಪ್ರಶಸ್ತಿ ಪತ್ರದಿಂದ ಕೂಲಿ ಕೊಡಲಾಗುವುದಿಲ್ಲ, ಕೂಡಿಟ್ಟ ದುಡ್ಡಿನಿಂದ ಮಾತ್ರ ಆಗುತ್ತದೆ. ಕೂಡಿಡಲು ಉಳಿಯಬೇಕು. ಉಳಿಯುವುದಕ್ಕೇ ಲಾಭ ಅನ್ನುವುದು.

ಅದಕ್ಕೇ ಆ 1 ರೂಪಾಯಿಯಲ್ಲಿ ಸ್ವಲ್ಪ ತೆಗೆದು ಬೇರೆ ಖಾತೆಗೆ ಹಾಕುತ್ತಿದ್ದೇವೆ. ಅದು ಬಟವಾಡೆಯ ನಿಧಿ. ಬಿಲ್ಲು ಬರಲಿ ಬಿಡಲಿ, ಶನಿವಾರ ಸಂಜೆ ಅದರಿಂದ ಕೂಲಿ ಕೊಟ್ಟುಬಿಡುತ್ತೇವೆ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ, ನನ್ನ ಸಂಬಳಕ್ಕಂತೂ ಅಲ್ಲವೇ ಅಲ್ಲ. ಸದ್ಯ ಕೆಲವು ವಾರ ತಡೆದುಕೊಳ್ಳುವಷ್ಟಿದೆ. ಸೀಜನ್ನಿನಲ್ಲಿ ಸಾಲುವುದಿಲ್ಲ.

ಏನಾದರೂ ಮಾಡಬೇಕು ಅನ್ನಿಸಿದವರು ದಯವಿಟ್ಟು ಹಳೇ ಸೀರೆ ಕಳಿಸಬೇಡಿ. ಹಿಂಗಾರಿ ಜೋಳ ಸುಗ್ಗಿಯಲ್ಲಿ ಅಗ್ಗ ಇರುತ್ತದೆ, ಮಳೆಗಾಲಕ್ಕೆ ಏರುತ್ತದೆ. ಸುಗ್ಗಿಯಲ್ಲೇ ವರ್ಷಕ್ಕಾಗುವಷ್ಟು ಕೊಳ್ಳಲು ನಮ್ಮಲ್ಲಿ ದುಡ್ಡಿರುವುದಿಲ್ಲ. ಆಗ ಮುಂಗಡ ಕೊಟ್ಟು ಆರ್ಡರ್ ಹಾಕಿ, ವರ್ಷವಿಡೀ ರೊಟ್ಟಿ ಕಳಿಸಿ ತೀರಿಸುತ್ತೇವೆ. ಮದುವೆ ಆರ್ಡರಿಗೆ ಈ ಸಲದಿಂದ ಅರ್ಧ ದುಡ್ಡು ಮೊದಲು, ಉಳಿದರ್ಧ ಮಾಲು ಎತ್ತುವಾಗ.