ಮೇನಲ್ಲಿ ಮದುವೆ, ಫೆಬ್ರವರಿಯಲ್ಲಿ ಮಗು

ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಗೆ ಎಂಬತ್ತು ದಾಟಿದೆ. ಮಂಡಿ ನೋವು ಬೇರೆ. ತಮ್ಮ ಮನೆತನದ ಹಳೆಯ ತಲೆಮಾರುಗಳನ್ನು ಹುಡುಕಬೇಕು ಅಂತ ಆಗಾಗ ಹೇಳುತ್ತಲೇ ಇದ್ದರು. ಇಂಗ್ಲೆಂಡಿನ ಡರ್ಬಿಶೈರ್ ಜಿಲ್ಲೆಯ ಹಳ್ಳಿ ಚರ್ಚುಗಳ ಹಳೇ ರಿಜಿಸ್ಟರುಗಳು ಮ್ಯಾಟ್ಲಾಕ್ ಊರಿನ ದಾಖಲೆ ಕಚೇರಿಯಲ್ಲಿವೆ. ಒಂದು ಶುಕ್ರವಾರ ನನಗೆ ರಜೆ ಇತ್ತು. 'ನಾನೇ ಹೋಗಿ ನೋಡ್ಕೊಂಡು ಬರ್ತೀನಿ' ಅಂದೆ. ಲಕೋಟೆಯ ಹಿಂಬದಿಗೆ ನಾಲ್ಕು ಹೆಸರು ಗೀಚಿ ಕೊಟ್ಟರು.

ಒಳಗೆ ಪೆನ್ ಇಲ್ಲ, ಪೆನ್ಸಿಲ್ ಮಾತ್ರ. ನನಗೆ ಕೊಟ್ಟದ್ದು ಮೈಕ್ರೋಫಿಲ್ಮ್, ಅಂದರೆ ರಿಜಿಸ್ಟರಿನ ಪುಟಗಳ ಫೋಟೋ ಇರುವ ಫಿಲ್ಮ್ ಸುರುಳಿ. ದೀಕ್ಷಾಸ್ನಾನ, ಮದುವೆ, ಮಣ್ಣು ಈ ಮೂರನ್ನೂ ವಾರವಾರ ಬರೆದಿಡಿ ಅಂತ ಪಾದ್ರಿಗಳಿಗೆಲ್ಲ ಆಜ್ಞೆ ಹೋದದ್ದು 1538ರಲ್ಲಿ, ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನಿಂದ. ಬರೆದರು ಸರಿ, ಆದರೆ ಎಂಥಾ ಕೈಬರಹ! 'ಎಸ್' ಅಕ್ಷರ 'ಎಫ್' ಥರ ಕಾಣುತ್ತದೆ. ಒಂದೇ ಮನೆತನದ ಹೆಸರಿಗೆ ಮೂರು ಕಾಗುಣಿತ.

ಊಟದ ಹೊತ್ತಿಗೆ ಮದುವೆ ಸಿಕ್ಕಿತು. 1731, ಮೇ 9. ಎರಡು ಹೆಸರು, ಅಷ್ಟೇ. ಅಪ್ಪಂದಿರ ಹೆಸರಿಲ್ಲ, ಸಹಿ ಇಲ್ಲ. ಸಹಿ ಹಾಕಿಸುವ ನಿಯಮ ಬಂದದ್ದು 1754ರಿಂದ. ದೀಕ್ಷಾಸ್ನಾನದ ಪುಟಗಳಿಗೆ ಹೋದೆ. ಮೊದಲ ಮಗ ಸಿಕ್ಕಿದ. 1731, ಫೆಬ್ರವರಿ 20.

ಪೆನ್ಸಿಲ್ ಕೆಳಗಿಟ್ಟೆ. ಮದುವೆಗೆ ಮೂರು ತಿಂಗಳು ಮೊದಲೇ ಮಗು! ಅಜ್ಜಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಏನಂತ ಹೇಳಲಿ? ಆದರೆ ಒಂದು ವಿಷಯ ಕೊರೆಯುತ್ತಿತ್ತು. ಮದುವೆಯಾಗದ ತಾಯಿಯ ಮಗುವಾದರೆ ಎಷ್ಟೋ ಪಾದ್ರಿಗಳು 'ಬೇಸ್ ಬಾರ್ನ್' ಅಂತ ಮುಲಾಜಿಲ್ಲದೆ ಬರೆದುಬಿಡುತ್ತಿದ್ದರು. ಇಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ನೆಟ್ಟಗಿದೆ.

ಮೇಜಿನ ಹಿಂದಿದ್ದ ಹೆಂಗಸನ್ನು ಸಂಕೋಚದಿಂದಲೇ ಕೇಳಿದೆ. ಅವರು ಎದ್ದು ಬಂದು ಫಿಲ್ಮನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸಿದರು. 1731ರ ಡಿಸೆಂಬರ್ ಆದ ಮೇಲೆ 1731ರ ಜನವರಿ! ಮಾರ್ಚ್ ಕೊನೆಗೆ ಬಂದ ಮೇಲೆ 1732.

ಆಗ ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಯೇಸು ಹುಟ್ಟುತ್ತಾನೆ ಅಂತ ಮೇರಿಗೆ ದೇವದೂತ ಸುದ್ದಿ ತಂದ ದಿನ, 'ಲೇಡಿ ಡೇ'. ರೈತರು ಗೇಣಿ ಕಟ್ಟುವ ದಿನವೂ ಅದೇ. ಜನವರಿ 1ಕ್ಕೆ ಬದಲಾದದ್ದು 1752ರಲ್ಲಿ. ಹಾಗಾಗಿ 1751ಕ್ಕೆ ಸಿಕ್ಕಿದ್ದು ಬರೀ 282 ದಿನ. ಗೊಂದಲ ಬೇಡ ಅಂತ ಕೆಲವು ಪಾದ್ರಿಗಳು 1731/2 ಅಂತ ಎರಡನ್ನೂ ಬರೆಯುತ್ತಿದ್ದರಂತೆ. ನಮ್ಮ ಪುಣ್ಯಾತ್ಮ ಬರೆದಿರಲಿಲ್ಲ. ಪ್ರತಿ ವರ್ಷ ಯುಗಾದಿಗೆ ಬೇವು ಬೆಲ್ಲ ತಿನ್ನುವ ನನಗೆ ಇದು ಹೊಳೆಯಬಾರದಿತ್ತಾ?

ಬೆರಳು ಮಡಚಿ ಎಣಿಸಿದೆ. ಒಂಬತ್ತು ತಿಂಗಳು, ಹನ್ನೊಂದು ದಿನ.

ಸಂಜೆ ಅಜ್ಜಿಯ ಅಡುಗೆಮನೆಯಲ್ಲಿ ಟೀ ಕುಡಿಯುತ್ತಾ ಎಲ್ಲವನ್ನೂ ಹೇಳಿದೆ. ನಾನು ಗಾಬರಿಯಾದದ್ದನ್ನು ಕೇಳುವಾಗ ಅಜ್ಜಿಯ ಕಣ್ಣು ಅರಳಿತ್ತು. ಮಾರ್ಚ್ 25ರ ಕಥೆ ಮುಗಿಯುವ ಹೊತ್ತಿಗೆ ಮುಖ ಸಪ್ಪಗಾಯಿತು.

'ಛೆ, ಅಷ್ಟೇನಾ?' ಅಂದರು. 'ನಮ್ಮ ವಂಶದಲ್ಲಿ ಒಂದಾದರೂ ಮಜವಾದ ಸುದ್ದಿ ಇರುತ್ತೆ ಅಂದ್ಕೊಂಡಿದ್ದೆ.'