ಮುದ್ದೆ ಅಗಿಯದೆ ನುಂಗಿದರೆ ಜೀರ್ಣ ಆಗುತ್ತಾ?

ಹಾಸನದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹಾಗಾಗಿ ಊಟದ ಪಂಕ್ತಿಯಲ್ಲಿ ಕೂತರೂ ಈ ಪ್ರಶ್ನೆ ತಪ್ಪಿದ್ದಲ್ಲ: "ಮೇಷ್ಟ್ರೇ, ಮುದ್ದೇನ ಹಾಗೇ ನುಂಗ್ತೀವಲ್ಲ, ಅದು ಜೀರ್ಣ ಆಗುತ್ತಾ?" ಬೇರೆ ಕಡೆಯಿಂದ ಬಂದ ಸೊಸೆಯಂದಿರಂತೂ ಗಾಬರಿಯಿಂದಲೇ ಕೇಳುತ್ತಾರೆ.

ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ.

ಪಿಷ್ಟ ಬಾಯಲ್ಲೇ ಜೀರ್ಣವಾಗಲು ಶುರುವಾಗುತ್ತದೆ ಎಂದು ನಾವೇ ಪಾಠ ಹೇಳುತ್ತೇವೆ, ಅನುಮಾನ ಬರುವುದು ಅಲ್ಲಿಂದ. ಅದು ಸುಳ್ಳಲ್ಲ. ಅನ್ನದ ಗಂಜಿಗೆ ಒಂದು ತೊಟ್ಟು ಅಯೋಡಿನ್ ಬಿಟ್ಟರೆ ಕಡುನೀಲಿ ಆಗುತ್ತದೆ. ಅದೇ ಗಂಜಿಗೆ ಜೊಲ್ಲು ಬೆರೆಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿ, ನೀಲಿ ಬರುವುದಿಲ್ಲ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದಿರುತ್ತದೆ. ಆದರೆ ನಾವು ಅನ್ನ ತಿಂದರೂ ಬಾಯಲ್ಲಿ ಎಷ್ಟು ಹೊತ್ತು ಇಟ್ಟುಕೊಳ್ಳುತ್ತೇವೆ? ಜಠರದ ಆಮ್ಲ ಸೋಕಿದ ಮೇಲೆ ಜೊಲ್ಲಿನ ಕೆಲಸ ನಿಂತೇ ಹೋಗುತ್ತದೆ.

ಪಿಷ್ಟದ ದೊಡ್ಡ ಕೆಲಸ ನಡೆಯುವುದು ಸಣ್ಣ ಕರುಳಿನಲ್ಲಿ. ಅದು ಸುಮಾರು 6 ಮೀಟರ್ ಉದ್ದ. ಮೇದೋಜ್ಜೀರಕ ಗ್ರಂಥಿಯಿಂದ ಅಲ್ಲಿಗೆ ಮತ್ತೆ ಅಮೈಲೇಸ್ ಬರುತ್ತದೆ, ಜೊತೆಗೆ ಆಮ್ಲವನ್ನು ತಣಿಸುವ ರಸವೂ ಬರುತ್ತದೆ. ಅಷ್ಟರೊಳಗೆ ಜಠರ ಮುದ್ದೆಯನ್ನು ಹಿಸುಕಿ, ಕಲಸಿ ತೆಳ್ಳಗೆ ಮಾಡಿ, ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಬಿಟ್ಟಿರುತ್ತದೆ. ಕೊನೆಗೆ ಗ್ಲೂಕೋಸ್ ಆಗಿ, ಕರುಳಿನ ಗೋಡೆ ದಾಟಿ, ರಕ್ತದ ಜೊತೆ ಮೊದಲು ಯಕೃತ್ತಿಗೆ ಹೋಗುತ್ತದೆ. ನಾರು ಮಾತ್ರ ಉಳಿದು ದೊಡ್ಡ ಕರುಳು ಸೇರುತ್ತದೆ.

ಮುದ್ದೆಗೆ ಹಲ್ಲು ಬೇಡವಾದದ್ದು ಸುಮ್ನೆ ಅಲ್ಲ. ರಾಗಿ ಮಿಲ್ಲಿನಲ್ಲೇ ನುಣ್ಣಗೆ ಹಿಟ್ಟಾಗಿದೆ. ಕುದಿಯುವ ಎಸರಿನಲ್ಲಿ ಬೆಂದು, ಕೋಲಿನಲ್ಲಿ ಗಂಟಿಲ್ಲದಂತೆ ತಿರುವಿಸಿಕೊಂಡಿದೆ. ಅಗಿಯಲು ಇನ್ನೇನು ಉಳಿದಿದೆ? ಸಾರಿನೊಳಗಿನ ಅವರೆಕಾಳಿನ ಕತೆ ಬೇರೆ. ಅದರ ಸಿಪ್ಪೆಯನ್ನು ಒಡೆಯುವ ಕಿಣ್ವ ನಮ್ಮ ಹೊಟ್ಟೆಯಲ್ಲಿ ಇಲ್ಲವೇ ಇಲ್ಲ. ಇಡೀ ಕಾಳು ನುಂಗಿದರೆ ಒಳಗಿನ ಪಿಷ್ಟ ಪೂರ್ತಿ ದಕ್ಕುವುದಿಲ್ಲ. ಕಾಳು, ಸೊಪ್ಪು, ಮಾಂಸ ಇವನ್ನೆಲ್ಲ ಅಗಿಯಲೇಬೇಕು. ಮುದ್ದೆ ಜೊತೆ ಅವೂ ಗುಳುಂ ಎನ್ನುವುದನ್ನು ನಾನು ದಿನಾ ನೋಡುತ್ತೇನೆ.

ನನಗೆ ಭಯ ಇರುವುದು ಜೀರ್ಣದ ಬಗ್ಗೆ ಅಲ್ಲ, ಗಂಟಲಿನ ಬಗ್ಗೆ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಮಾತಾಡುತ್ತಲೋ ನಗುತ್ತಲೋ ನುಂಗಿದರೆ ಅದು ತಪ್ಪಿ ನೆತ್ತಿಗೆ ಹತ್ತುತ್ತದೆ. ವಯಸ್ಸಾದವರಿಗೆ ಅಪಾಯ ಜಾಸ್ತಿ. ಅಜ್ಜ ಅಜ್ಜಿಯರಿಗೆ ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಮುರಿದು, ಸಾರಿನಲ್ಲಿ ಚೆನ್ನಾಗಿ ಅದ್ದಿ ಕೊಡಿ. ಲಕ್ವ ಹೊಡೆದವರಿಗಂತೂ ನುಂಗುವ ಶಕ್ತಿ ಎಷ್ಟಿದೆ ಎಂದು ಡಾಕ್ಟರ್ ನೋಡಿ ಹೇಳುವವರೆಗೆ ದಯವಿಟ್ಟು ಮುದ್ದೆ ಕೊಡಬೇಡಿ.